ಪದ್ಯ ಇದೆ, ಅರ್ಥಧಾರಿ ಎಲ್ಲಿ?

ನಮ್ಮ ಕನ್ನಡ ಕೂಟದಲ್ಲಿ ರಾಜ್ಯೋತ್ಸವಕ್ಕೆ ಒಂದು ನಾಟಕ ಆಗಲೇಬೇಕು. ಆಗಸ್ಟಿನಲ್ಲಿ ಸ್ಕ್ರಿಪ್ಟ್ ಬರುತ್ತದೆ. ಸೆಪ್ಟೆಂಬರಿನಲ್ಲಿ ಪಾತ್ರ ಹಂಚುವ ಜಗಳ. ಅಕ್ಟೋಬರಿನ ಭಾನುವಾರಗಳಲ್ಲಿ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ರಿಹರ್ಸಲ್, ಮಧ್ಯೆ ಉಪ್ಪಿಟ್ಟು. ಹಾಡು ಬರುವುದು ಕೊನೆಯ ವಾರ, ಅದೂ ಯೂಟ್ಯೂಬಿನಿಂದ ಇಳಿಸಿದ ಕರೋಕೆ. ಒಂದು ಸಂಜೆ ಆಡುತ್ತೇವೆ, ಚಪ್ಪಾಳೆ ಬೀಳುತ್ತದೆ, ಊಟಕ್ಕೆ ಸಾಲು ನಿಲ್ಲುತ್ತೇವೆ. ಮುಗಿಯಿತು. ಮುಂದಿನ ವರ್ಷ ಬೇರೆ ನಾಟಕ.

ಹೀಗೆ ಬೆಳೆದವನಿಗೆ ಒಂದೇ ಕಥೆಯನ್ನು ಹದಿಮೂರು ವರ್ಷ ತಿದ್ದುತ್ತಾ ಕೂರುವವರನ್ನು ಕಂಡರೆ ಹೊಟ್ಟೆಕಿಚ್ಚೂ ಆಗುತ್ತದೆ, ತಲೆ ಕೆಟ್ಟಿದೆಯಾ ಇವರಿಗೆ ಅಂತಲೂ ಅನಿಸುತ್ತದೆ.

ನಾನು ಹೇಳುತ್ತಿರುವುದು ‘ಹೇಡಿಸ್‌ಟೌನ್’ ಎಂಬ ಇಂಗ್ಲಿಷ್ ಸಂಗೀತ ನಾಟಕದ ಬಗ್ಗೆ. ನಾನಿರುವ ಬಾಸ್ಟನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಮೂರು ಗಂಟೆ ಹೋದರೆ ವರ್ಮಾಂಟ್ ರಾಜ್ಯ. ಅಲ್ಲಿಯ ಹಾಡುಗಾರ್ತಿ ಅನಾಯಿಸ್ ಮಿಚೆಲ್ 2006ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಇದನ್ನು ಮೊದಲ ಸಲ ಆಡಿಸಿದರು. ಹಳೆಯ ಸ್ಕೂಲ್ ಬಸ್ಸಿನಲ್ಲಿ ಸಾಮಾನು ತುಂಬಿಕೊಂಡು ಸಣ್ಣ ಊರುಗಳನ್ನು ಸುತ್ತಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹೆಗ್ಗೋಡಿನ ನೀನಾಸಮ್ ತಿರುಗಾಟ. ಅದು 1985ರಿಂದ ಹೀಗೇ ಊರೂರು ಅಲೆಯುತ್ತಿದೆ ಅಲ್ವಾ?

ಅಲ್ಲಿಂದ ಮುಂದೆ ದಾರಿ ಬೇರೆಯಾಯಿತು. ತಿರುಗಾಟದ ನಾಟಕ ಮುಂದಿನ ವರ್ಷಕ್ಕೆ ಜಾಗ ಬಿಟ್ಟುಕೊಡುತ್ತದೆ. ಮಿಚೆಲ್ ಬಿಡಲಿಲ್ಲ. 2010ರಲ್ಲಿ ಅದೇ ಹಾಡುಗಳನ್ನು ಆಲ್ಬಮ್ ಮಾಡಿದರು. ಇಪ್ಪತ್ತು ಟ್ರ್ಯಾಕು, ಪಾತ್ರಕ್ಕೊಬ್ಬ ಗಾಯಕ. ವೇದಿಕೆ ಇಲ್ಲ, ವೇಷ ಇಲ್ಲ, ಕಿವಿಗೆ ಮಾತ್ರ ನಾಟಕ.

ಕಥೆ ಗ್ರೀಕರದು. ಆರ್ಫಿಯಸ್ ಎಂಬ ಹಾಡುಗಾರ, ಅವನ ಹೆಂಡತಿ ಯುರಿಡೀಸಿ. ಅವಳು ಸತ್ತು ಪಾತಾಳ ಸೇರುತ್ತಾಳೆ. ಇವನು ಹಿಂದೆಯೇ ಹೋಗಿ ಹಾಡಿ, ಅಲ್ಲಿಯ ಒಡೆಯ ಹೇಡಿಸನ ಮನಸ್ಸು ಕರಗಿಸುತ್ತಾನೆ. ಕರೆದುಕೊಂಡು ಹೋಗು, ಆದರೆ ತಿರುಗಿ ನೋಡಬಾರದು ಅಂತ ಷರತ್ತು. ಇವನು ನೋಡಿಬಿಡುತ್ತಾನೆ. (ನಮ್ಮ ಸಾವಿತ್ರಿ ಯಮನ ಹತ್ತಿರ ಮಾತಾಡಿಯೇ ಗೆದ್ದು ಬಂದಳು. ಹಾಡುಗಾರರಿಗಿಂತ ಮಾತುಗಾರರೇ ಮೇಲು ಅಂತ ನಮ್ಮಜ್ಜಿ ಇದ್ದಿದ್ದರೆ ಹೇಳುತ್ತಿದ್ದರು.) ಮಿಚೆಲ್ ಅವರ ಕಥೆಯಲ್ಲಿ ಹೇಡಿಸ್ ಒಬ್ಬ ದೊಡ್ಡ ಕಾರ್ಖಾನೆಯ ಯಜಮಾನ. ಯುರಿಡೀಸಿ ಹಾವು ಕಚ್ಚಿ ಸಾಯುವುದಿಲ್ಲ, ಹಸಿವು ತಾಳಲಾರದೆ ಅವನ ಊರಿಗೆ ಕೆಲಸಕ್ಕೆ ಹೋಗುತ್ತಾಳೆ.

ಈ ಆಲ್ಬಮ್ಮನ್ನು ನಾನು ಕಾರಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಮೊದಮೊದಲು ಇದು ನಮ್ಮ ಯಕ್ಷಗಾನದ ತಾಳಮದ್ದಳೆಯ ಹಾಗೇ ಇದೆಯಲ್ಲ ಅಂದುಕೊಂಡಿದ್ದೆ. ಶಿರಸಿ ಕಡೆಯವನು ನಾನು. ವೇಷ ಇಲ್ಲದೆ, ಕುಣಿತ ಇಲ್ಲದೆ, ಕೂತಲ್ಲೇ ಕುರುಕ್ಷೇತ್ರ ಮುಗಿಸುವವರನ್ನು ನೋಡಿ ಬೆಳೆದವನು. ಆದರೆ ನಾಲ್ಕೈದು ಸಲ ಕೇಳಿದ ಮೇಲೆ ವ್ಯತ್ಯಾಸ ತಿಳಿಯಿತು. ತಾಳಮದ್ದಳೆಯಲ್ಲಿ ಭಾಗವತರು ನಾಲ್ಕು ಸಾಲಿನ ಪದ್ಯ ಹಾಡಿದರೆ, ಅರ್ಥಧಾರಿ ಅದನ್ನು ಹಿಡಿದು ಅರ್ಧ ಗಂಟೆ ಮಾತಾಡುತ್ತಾನೆ. ಕರ್ಣ ಯಾಕೆ ಹೀಗೆ ಮಾಡಿದ, ಕೃಷ್ಣ ಯಾಕೆ ತಡೆಯಲಿಲ್ಲ, ಎಲ್ಲ ಅಲ್ಲೇ ತೀರ್ಮಾನ. ಈ ಆಲ್ಬಮ್ಮಿನಲ್ಲಿ ಬರೀ ಪದ್ಯ. ಪ್ರೇಮಿಗಳ ಮದುವೆ ಮಾತಿನ ಹಾಡಿನಿಂದ ಶುರುವಾಗುತ್ತದೆ. ಇವರು ಯಾರು, ಯಾವ ಊರು, ಊಹೂಂ. ಆಮೇಲೆ ಒಂದು ಹಾಡಿನಲ್ಲಿ ಅವಳು ಹೊರಟೇ ಹೋಗುತ್ತಾಳೆ. ಕಾರಿನಲ್ಲಿ ಕೇಳುವವನಿಗೆ ಅಷ್ಟು ಸಾಕು. ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ.

ಟಿಕೆಟ್ ಕೊಟ್ಟು ಎರಡೂವರೆ ಗಂಟೆ ಕೂರುವವನಿಗೆ ಸಾಕಾಗುವುದಿಲ್ಲ. ಅದಕ್ಕೇ ಅಷ್ಟು ವರ್ಷ ಹಿಡಿಯಿತು ಅಂತ ನನ್ನ ಅನಿಸಿಕೆ. ನಿರ್ದೇಶಕಿ ರೇಚಲ್ ಚಾವ್ಕಿನ್ ಜೊತೆಗೂಡಿದರು. 2016ರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ರಂಗಮಂದಿರ, 2017ರಲ್ಲಿ ಕೆನಡಾದ ಎಡ್ಮಂಟನ್, 2018ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್. 2019ರ ಏಪ್ರಿಲ್‌ನಲ್ಲಿ ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಲೋಕ. ಪ್ರತಿ ಊರಿನಲ್ಲೂ ಒಂದಿಷ್ಟು ಬಿಚ್ಚಿ ಮತ್ತೆ ಹೊಲಿದರು. ಆರ್ಫಿಯಸ್ ಪಾತ್ರವನ್ನಂತೂ ಲಂಡನ್ ಆದ ಮೇಲೂ ಬದಲಾಯಿಸಿದರು. ಧಿಮಾಕಿನ ಹಾಡುಗಾರ ಹೋಗಿ ಲೋಕ ತಿಳಿಯದ ಹುಡುಗ ಬಂದ. ಯುರಿಡೀಸಿಯ ಬಡತನ, ಅಲೆದಾಟ ಹೇಳಲು ಹೊಸ ಹಾಡು ಸೇರಿತು.

ನಾನು ಬ್ರಾಡ್‌ವೇಯಲ್ಲಿ ನೋಡಿದಾಗ ಬೆರಗಾದದ್ದು ಇದ್ಯಾವುದಕ್ಕೂ ಅಲ್ಲ. ಆಲ್ಬಮ್ಮಿನಲ್ಲಿ ಸಣ್ಣ ಪಾತ್ರವಾಗಿದ್ದ ಹರ್ಮಿಸ್ ಎಂಬ ದೇವತೆ ಇಲ್ಲಿ ಮೊದಲೇ ಬಂದು ನಿಂತ. ಟ್ರೊಂಬೋನ್ ಮೊಳಗಿತು. ಇವನು ಹೇಡಿಸ್, ಇವಳು ಅವನ ಹೆಂಡತಿ, ಇವನು ನಮ್ಮ ಹುಡುಗ ಅಂತ ಒಬ್ಬೊಬ್ಬರನ್ನೇ ಹಾಡಿನಲ್ಲೇ ಪರಿಚಯ ಮಾಡಿಸಿದ. ವಾದ್ಯದವರೂ ವೇದಿಕೆ ಮೇಲೇ ಇದ್ದರು. ನನಗೆ ಕೂತಲ್ಲೇ ನಗು ಬಂತು. ಇದು ಯಕ್ಷಗಾನದಲ್ಲಿ ಪಾತ್ರಗಳು ಮೊದಲು ಬಂದು ಪರಿಚಯವಾಗುವ ಒಡ್ಡೋಲಗ! ಇವನು ಭಾಗವತ! ನಮ್ಮಲ್ಲಿ ಮೊದಲ ದಿನವೇ ತಾಳ ಹಿಡಿದು ಕೂತಿರುವವನನ್ನು ಇವರು ಇಷ್ಟು ವರ್ಷ ಹುಡುಕಿ ತಂದರಾ?

ಆ ವರ್ಷ ಎಂಟು ಟೋನಿ ಬಂತು, ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು. ಒಂದು ಆ ಹರ್ಮಿಸ್ ಮಾಡಿದ ಆಂಡ್ರೆ ಡಿ ಶೀಲ್ಡ್ಸ್ ಅವರಿಗೆ, ಆಗ ಅವರಿಗೆ 73.

ಆಲ್ಬಮ್ ಮೊದಲು, ನಾಟಕ ಆಮೇಲೆ ಎನ್ನುವುದು ಹೊಸತೇನಲ್ಲ. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ಗೆ ದುಡ್ಡು ಹಾಕುವ ನಾಟಕದವರು ಸಿಗದೆ 1970ರಲ್ಲಿ ರೆಕಾರ್ಡ್ ಆಗಿ ಬಂತು, ಮರು ವರ್ಷ ಬ್ರಾಡ್‌ವೇ ಹತ್ತಿತು. ‘ಚೆಸ್’ ಅಂತ ಇನ್ನೊಂದಿದೆ. 1984ರ ಆಲ್ಬಮ್ ಹಾಡುಗಳು ಸೂಪರ್ ಹಿಟ್. 1986ರಲ್ಲಿ ಲಂಡನ್ನಿನಲ್ಲಿ ಓಡಿತು, 1988ರಲ್ಲಿ ಕಥೆ ಬದಲಾಯಿಸಿ ನ್ಯೂಯಾರ್ಕಿಗೆ ತಂದರೆ ಎರಡೇ ತಿಂಗಳಲ್ಲಿ ಮುಚ್ಚಿತು. ಹಾಡು ಗಟ್ಟಿಯಾಗಿ ಕೂತುಬಿಟ್ಟಿದೆ, ಕಥೆ ಇನ್ನೂ ಕೂತಿಲ್ಲ.

ನಮ್ಮ ದಾರಿ ಉಲ್ಟಾ. ಬಿ.ವಿ. ಕಾರಂತರು ಕಟ್ಟಿದ ರಂಗಗೀತೆಗಳು ನಾಟಕದ ಹೊಟ್ಟೆಯಿಂದ ಬಂದವು. ಕಂಬಾರರ ‘ಜೋಕುಮಾರಸ್ವಾಮಿ’ ನೋಡದವರೂ ಅದರ ಹಾಡು ಗುನುಗುತ್ತಾರೆ. ನಾಟಕ ಮರೆಯಾದರೂ ಹಾಡು ಉಳಿಯುತ್ತದೆ. ಇದು ಚೆಂದದ ದಾರಿಯೇ. ಆದರೆ ಹಾಡು ಉಳಿಯಿತು ಅಂತ ನಾವು ನಾಟಕಕ್ಕೆ ವಾಪಸ್ ಹೋಗುವುದಿಲ್ಲ, ಮತ್ತೆ ತಿದ್ದುವುದಿಲ್ಲ. ಅಲ್ಲೇ ನನಗೆ ಹೊಟ್ಟೆಕಿಚ್ಚು.

ಅದಕ್ಕೇ ಈ ವರ್ಷ ಕೂಟದಲ್ಲಿ ಹಟ ಹಿಡಿದೆ. ಸ್ಕ್ರಿಪ್ಟ್ ಬೇಡ, ಮೊದಲು ಹಾಡು ಮಾಡೋಣ, ವರ್ಷಗಟ್ಟಲೆ ತಿದ್ದೋಣ ಅಂದೆ. ಇಬ್ಬರು ಮಾತ್ರ ಹೂಂ ಅಂದರು. ಸೊಸೆಯೊಬ್ಬಳು ಒಂದು ಬೆಳಿಗ್ಗೆ ಮನೆ ಬಿಟ್ಟು ಹೋಗುವ ಕಥೆ. ಗ್ಯಾರೇಜಿನಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಮೂರು ಹಾಡು ರೆಕಾರ್ಡ್ ಮಾಡಿದೆವು. ವಾಟ್ಸಾಪ್ ಗುಂಪಿಗೆ ಹಾಕಿದೆ. ಹಾರ್ಟು, ಚಪ್ಪಾಳೆ ಎಲ್ಲ ಬಂತು. ರಾತ್ರಿ ಹತ್ತಕ್ಕೆ ಹಿರಿಯರೊಬ್ಬರು ಫೋನ್ ಮಾಡಿದರು.

“ಹಾಡು ಭಾಳ ಚೆನ್ನಾಗಿದೆ ಕಣಪ್ಪ. ಆದ್ರೆ ಅವಳು ಯಾಕೆ ಹೋದ್ಲು?”

“ಅದು ಇನ್ನೂ ಬರೆದಿಲ್ಲ ಸಾರ್” ಅಂದೆ.