ಸತ್ಯಾಂಶ: ನೀರಲ್ಲಿ ಆಫ್ ಆದ ಕಾರಿಗೆ ಸೆಲ್ಫ್ ಹೊಡೆಯಬೇಡಿ

"ನೀರಲ್ಲಿ ಕಾರು ಆಫ್ ಆದರೆ ಸೆಲ್ಫ್ ಹೊಡೆಯುತ್ತಲೇ ಇರಿ, ಸೈಲೆನ್ಸರ್‌ನ ನೀರು ಹೊರಬಂದು ಸ್ಟಾರ್ಟ್ ಆಗುತ್ತದೆ." ಮಳೆಗಾಲ ಬಂತೆಂದರೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಈ ಸಂದೇಶ ಓಡಾಡುತ್ತದೆ. ದಯವಿಟ್ಟು ನಂಬಬೇಡಿ.

ಕಾವೇರಿ ಉಕ್ಕಿ ಭಾಗಮಂಡಲ–ನಾಪೋಕ್ಲು ರಸ್ತೆ ಮುಳುಗಿದಾಗ ಎಂಜಿನ್‌ಗೆ ನೀರು ನುಗ್ಗುವುದು ಹೆಚ್ಚಾಗಿ ಮುಂಭಾಗದಲ್ಲಿ ಗಾಳಿ ಎಳೆಯುವ ಕೊಳವೆಯಿಂದ. ಪಿಸ್ಟನ್ ಗಾಳಿಯನ್ನು ಒತ್ತಿ ಕುಗ್ಗಿಸಬಲ್ಲದು, ನೀರನ್ನಲ್ಲ. ಒತ್ತಾಯ ಮಾಡಿದರೆ ಪಿಸ್ಟನ್‌ಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಬಹುದು, ಆಮೇಲೆ ಎಂಜಿನ್ನನ್ನೇ ಬಿಚ್ಚಬೇಕು. ತಳ್ಳಿ ಗೇರಿಗೆ ಹಾಕುವುದೂ ಅಷ್ಟೇ ಅಪಾಯ.

ನೀರು ಏರುತ್ತಿದ್ದರೆ ಕಾರು ಬಿಟ್ಟು ಮೊದಲು ನೀವು ದಡ ಸೇರಿ. ನೀರಿಳಿದ ಮೇಲೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಕೈಯಿಟ್ಟು ನೋಡಿ. ಫಿಲ್ಟರ್ ಒದ್ದೆಯಿದ್ದರೆ ಕೀ ಮುಟ್ಟಲೇಬೇಡಿ. ಪೆಟ್ರೋಲ್ ಕಾರಾದರೆ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿನ ನೀರು ಹೊರಹಾಕುತ್ತಾರೆ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಬೇಕು.