ಸುಳಿ ನೋಡಿ ಕ್ರಾಪು

ಲಂಡನ್ನಿನಲ್ಲಿ ಕಟಿಂಗಿಗೆ ಕೂತರೆ ಮೊದಲು ಮಷಿನ್ನಿಗೆ ಹಾಕುವ ಬಾಚಣಿಗೆಯ ನಂಬರ್ ಕೇಳುತ್ತಾರೆ. ಎರಡು ಅಂದರೆ ಕಿವಿಯ ಪಕ್ಕ 6 ಮಿಲಿಮೀಟರ್ ಕೂದಲು ಉಳಿಯುತ್ತದೆ, ನಾಲ್ಕು ಅಂದರೆ ಸುಮಾರು 13. ದಾವಣಗೆರೆಯ ಮಂಡಿಪೇಟೆ ಹತ್ತಿರ ನಾನು ಹೋಗುತ್ತಿದ್ದ ಅಂಗಡಿಯಲ್ಲಿ 'ಮೀಡಿಯಂ ಮಾಡ್ರಿ' ಅಂದರೆ ಸಾಕಿತ್ತು. ಆದರೆ ಅಲ್ಲಿನ ಅಣ್ಣ ಕತ್ತರಿ ಹಿಡಿಯುವ ಮೊದಲು ನೆತ್ತಿ ಮೇಲೆ ಬೆರಳಾಡಿಸಿ ಸುಳಿ ನೋಡುತ್ತಿದ್ದರು. 'ತಮ್ಮಾ, ನಿನ್ ಸುಳಿ ಬಲಕ್ಕೆ ತಿರುಗೇತಿ. ಎಡಗಡೆ ಕ್ರಾಪು ತೆಗಿ' ಅಂದಿದ್ದರು.

ಇಲ್ಲಿಗೆ ಬಂದ ಹೊಸದರಲ್ಲಿ ಆ ಮಾತು ಮರೆತು ಬಲಗಡೆ ಕ್ರಾಪು ತೆಗೆಯತೊಡಗಿದೆ. ಕೂದಲು ಕೂರಿಸುವ ಕ್ರೀಮು, ಅಂದರೆ ಪೊಮೇಡ್, ಎಷ್ಟು ಹಚ್ಚಿದರೂ ಮಧ್ಯಾಹ್ನಕ್ಕೆ ನೆತ್ತಿಯ ಕೂದಲು ಎದ್ದು ನಿಲ್ಲುತ್ತಿತ್ತು. ಎಡಕ್ಕೆ ಬದಲಿಸಿದ ಮೇಲೆ ಅರ್ಧ ಪೊಮೇಡ್ ಸಾಕಾಯಿತು. ಸುಳಿಯ ವಿಷಯದಲ್ಲಿ ನಮ್ಮೂರಿನವರೇ ಸರಿ.

ಆದರೆ ಬಾಚುವ ಹೊತ್ತಿನ ವಿಷಯದಲ್ಲಿ ಇಲ್ಲಿಯವರು ಸರಿ ಅನಿಸುತ್ತದೆ. ಊರಲ್ಲಿ ನಾವು ನೀರು ತೊಟ್ಟಿಕ್ಕುವ ತಲೆಗೆ ಹಣಿಗೆ ಹಾಕಿ, ಅದರ ಮೇಲೆ ಕೊಬ್ಬರಿ ಎಣ್ಣೆ ಸವರಿ ಹೊರಟುಬಿಡುತ್ತೇವೆ, ಅಲ್ವಾ? ಕೂದಲು ನೆನೆದಾಗ ಅದರೊಳಗೆ ಆಕಾರ ಹಿಡಿದಿಡುವ ಹೈಡ್ರೋಜನ್ ಬಂಧಗಳು ಸಡಿಲವಾಗುತ್ತವೆ. ಒಣಗುತ್ತಾ ಮತ್ತೆ ಬಿಗಿಯಾಗುತ್ತವೆ. ಬಿಗಿಯಾಗುವ ಆ ಹೊತ್ತಿನಲ್ಲಿ ಕೂದಲು ಯಾವ ಕಡೆ ಮಲಗಿರುತ್ತದೋ ಹಾಗೇ ಕೂರುತ್ತದೆ. ಅದಕ್ಕೇ ನಾನೀಗ ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸುತ್ತೇನೆ. ಅರೆ ಒದ್ದೆ ಇರುವಾಗಲೇ ಕ್ರಾಪು ತೆಗೆದು, ಡ್ರೈಯರ್ ಗಾಳಿಯನ್ನು ಬೇರಿನಿಂದ ತುದಿಯ ಕಡೆಗೆ ಬಿಡುತ್ತಾ ಬಾಚುತ್ತೇನೆ. ಡ್ರೈಯರ್ ಇಲ್ಲದಿದ್ದರೆ ಫ್ಯಾನಿನ ಕೆಳಗೆ ನಿಂತು ಎರಡು ಮೂರು ಸಲ ಬಾಚಿದರೂ ಆದೀತು.

ಆಮೇಲೆ ಬಟಾಣಿ ಕಾಳಿನಷ್ಟು ಪೊಮೇಡ್. ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ, ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬರಬೇಕು. ಮೊದಲೇ ಹಣೆಯ ಹತ್ತಿರ ಹಚ್ಚಿದರೆ ಎಲ್ಲಾ ಅಲ್ಲೇ ಮೆತ್ತಿಕೊಳ್ಳುತ್ತದೆ. ನೀರಿನಲ್ಲಿ ಕರಗುವ ಪೊಮೇಡ್ ಆದರೆ ಸಂಜೆ ತೊಳೆಯುವುದು ಸುಲಭ.

ಕೊಬ್ಬರಿ ಎಣ್ಣೆ ಬಿಡಿ ಅಂತ ನಾನು ಹೇಳುವುದಿಲ್ಲ. ಭಾನುವಾರ ತಲೆಸ್ನಾನಕ್ಕೆ ಮುಂಚೆ ಹಚ್ಚಿಕೊಳ್ಳುವುದನ್ನು ಇಂದಿಗೂ ಬಿಟ್ಟಿಲ್ಲ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ಇಲ್ಲಿನ ಚಳಿಯಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಬೇಕು ಅಷ್ಟೇ.

ಕಳೆದ ಸಲ ಊರಿಗೆ ಹೋದಾಗ ನನ್ನ ಸ್ವಂತ ಅಣ್ಣನ ಮಗ ನೆತ್ತಿ ಕೂದಲು ಕೂರುವುದೇ ಇಲ್ಲ ಅಂತ ಬೇಜಾರಾಗಿದ್ದ. ನೋಡಿದರೆ ಅವನಿಗೆ ಎರಡು ಸುಳಿ. ಮಷಿನ್ ಹಾಕಿ ತುಂಬಾ ಗಿಡ್ಡ ಮಾಡಿಬಿಟ್ಟಿದ್ದರು. 'ಮುಂದಿನ ಸಲ ಸುಳಿ ಹತ್ತಿರ ಕತ್ತರಿಯಲ್ಲೇ ಮಾಡಿಸು, ಅರ್ಧ ಇಂಚು ಜಾಸ್ತಿ ಬಿಡಿಸು' ಅಂದೆ. 'ಆಯ್ತು ಚಿಕ್ಕಪ್ಪ, ನಿಮ್ಮ ಆ ಮಂಡಿಪೇಟೆ ಅಂಗಡಿಗೇ ಹೋಗೋಣ, ನೀವೂ ಬರ್ರಿ' ಅಂದ.