ಕೈರೋದಲ್ಲಿ ಸಾಲು, ಉಡುಪಿಯಲ್ಲಿ ಗುಟ್ಟು

ಈ ಸಲ ರಜೆಗೆ ಊರಿಗೆ ಬಂದಾಗ ಅಕ್ಕನ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟ ಕಣ್ಣಿಗೆ ಬಿತ್ತು. ಅಂಚಿನ ಕೆಳಗೆ ಕೆಂಪು ನೈಲ್ ಪಾಲಿಷ್‌ನ ಚುಕ್ಕೆ. ಪಕ್ಕದ ತಟ್ಟೆಗೂ ಹಾಗೇ ಒಂದು ಚುಕ್ಕೆ. ಇದೆಂತ ಅಂತ ಕೇಳಿದೆ. ಅಕ್ಕ ಸ್ವರ ತಗ್ಗಿಸಿದಳು. "ಮಗನದ್ದು. ನೀನು ಯಾರತ್ರವೂ ಹೇಳ್ಬೇಡ ಮಾರಾಯ."

ಹುಡುಗ ಕುವೈತ್ ಕೆಲಸಕ್ಕೆ ಹೊರಟಿದ್ದ. ಮಂಗಳೂರಿನ ಒಂದು ಕೇಂದ್ರದಲ್ಲಿ ಮೆಡಿಕಲ್ ಆಯಿತು. ರಕ್ತದಲ್ಲಿ ಹೆಪಟೈಟಿಸ್ ಬಿ, ಅಂದರೆ ಲಿವರಿಗೆ ತಗಲುವ ಒಂದು ವೈರಸ್, ಸಿಕ್ಕಿತು. 'ಅನ್‌ಫಿಟ್' ಎಂದು ಬಂತು, ಅಷ್ಟೇ. ಮುಂದೆ ಯಾವ ಡಾಕ್ಟರನ್ನು ಕಾಣಬೇಕು, ಇನ್ನು ಯಾವ ಟೆಸ್ಟ್ ಮಾಡಿಸಬೇಕು, ಮನೆಯವರೂ ರಕ್ತ ಕೊಟ್ಟು ನೋಡಬೇಕೋ ಬೇಡವೋ, ಒಂದು ಮಾತು ಹೇಳಿದವರಿಲ್ಲ. ಅವನು ಬಸ್ ಹತ್ತಿ ಉಡುಪಿಗೆ ಬಂದ. ಅಕ್ಕ ಕಿರುನೆಲ್ಲಿ ಅರೆದು ಕೊಟ್ಟಳು, ಎಣ್ಣೆ ಖಾರ ಬಿಡಿಸಿದಳು, ತಟ್ಟೆ ಲೋಟ ಬೇರೆ ಮಾಡಿದಳು. ಅಕ್ಕಪಕ್ಕದವರಿಗೆ "ಕಂಪೆನಿ ಸರಿ ಇಲ್ವಂತೆ, ಅದಕ್ಕೆ ಬಿಟ್ಟ" ಅಂತ ಹೇಳಿ ಆಗಿದೆ.

ನನಗೆ ತುಂಬಾ ಸಿಟ್ಟು ಬಂತು. ಅಕ್ಕನ ಮೇಲಲ್ಲ. ಹೆದರಿದ ತಾಯಿ ಮತ್ತೇನು ಮಾಡಿಯಾಳು? ಆದರೆ ನಾನು ಇರುವುದು ಕೈರೋದಲ್ಲಿ. ಅಲ್ಲಿ ಇದೇ ಜಾತಿಯ ಕಾಯಿಲೆಯನ್ನು ಜನ ಹೇಗೆ ಹಗಲು ಬೆಳಕಿನಲ್ಲಿ ಎದುರಿಸಿದರು ಅಂತ ಕಣ್ಣಾರೆ ನೋಡಿದ್ದೇನೆ.

ಈಜಿಪ್ಟಿನದು ಹೆಪಟೈಟಿಸ್ ಸಿ. 2015ರ ಹೊತ್ತಿಗೆ ಅಲ್ಲಿನ ದೊಡ್ಡವರಲ್ಲಿ ಹತ್ತಕ್ಕೆ ಒಬ್ಬರಷ್ಟು ಜನರ ರಕ್ತದಲ್ಲಿ ಅದರ ಗುರುತು ಇತ್ತು. 2018ರ ಅಕ್ಟೋಬರ್‌ನಲ್ಲಿ ಸರಕಾರ '10 ಕೋಟಿ ಆರೋಗ್ಯ' ಅಂತ ಅಭಿಯಾನ ಹಿಡಿಯಿತು. ಮಸೀದಿ, ಚರ್ಚ್, ಮೆಟ್ರೋ ಸ್ಟೇಷನ್, ಕ್ಲಬ್, ಎಲ್ಲಿ ಜನ ಇದ್ದಾರೋ ಅಲ್ಲೆಲ್ಲ ಮೇಜು ಹಾಕಿದರು. ವಿದೇಶಿಯರಿಗೂ ಅವಕಾಶ ಕೊಟ್ಟಾಗ ನಾನೂ ಸಾಲಿನಲ್ಲಿ ನಿಂತೆ. ಬೆರಳಿಗೆ ಒಂದು ಚುಚ್ಚು. ಒಂದು ಹನಿ ರಕ್ತ ಟೆಸ್ಟ್ ಪಟ್ಟಿಯ ಮೇಲೆ. ಅದು ಹೇಳುವಷ್ಟರಲ್ಲಿ ನರ್ಸಮ್ಮ ಬಿಪಿ ನೋಡಿದರು, ಶುಗರ್ ನೋಡಿದರು, ತೂಕ ಬರೆದುಕೊಂಡರು.

ಇದರ ಬುದ್ಧಿವಂತಿಕೆ ಇರುವುದೇ ಇಲ್ಲಿ. ಬಿಪಿಗೆ ಬಂದವರು ಯಾರು, ವೈರಸ್ಸಿಗೆ ಬಂದವರು ಯಾರು ಅಂತ ಸಾಲು ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲರೂ ನಿಂತಿದ್ದಾರೆ, ನಾನೂ ನಿಂತಿದ್ದೇನೆ. ಹಾಗಾಗಿ ನಾಚಿಕೆಗೆ ಜಾಗವೇ ಇಲ್ಲ. 7 ತಿಂಗಳಲ್ಲಿ ಸುಮಾರು 5 ಕೋಟಿ ಜನರನ್ನು ಹೀಗೆ ನೋಡಿ ಮುಗಿಸಿದರು. ವೈರಸ್ ಸಿಕ್ಕವರಿಗೆ ಮಾತ್ರೆ ಪುಕ್ಕಟೆ.

ನಮ್ಮ ಬಿಲ್ಡಿಂಗಿನ ಕಾವಲುಗಾರ ಚಹಾದ ಗ್ಲಾಸು ಕೈಯಲ್ಲಿ ಹಿಡಿದುಕೊಂಡು, ಲಿಫ್ಟಿಗೆ ಕಾಯುವವರ ಎದುರೇ ಹೇಳುತ್ತಾನೆ: "ನನಗೆ ವೈರಸ್ ಸಿ ಇತ್ತು. ಮೂರು ತಿಂಗಳು ಮಾತ್ರೆ ತಿಂದೆ, ಹೋಯಿತು. ನನ್ನ ತಮ್ಮನಿಗೂ ಹೋಯಿತು." ಮಂಡಿನೋವು ಹೇಳಿಕೊಂಡಷ್ಟೇ ಸಲೀಸು. ಅವನ ಗ್ಲಾಸಿಗೆ ಚುಕ್ಕೆ ಯಾರೂ ಇಟ್ಟಿಲ್ಲ.

ನಮ್ಮಲ್ಲಿ? ಘಟ್ಟದ ಕೆಳಗಿನ ಎಷ್ಟೋ ಹುಡುಗರಿಗೆ ಈ ಟೆಸ್ಟ್ ಮೊದಲ ಸಲ ಆಗುವುದೇ ಗಲ್ಫಿನ ಬಾಗಿಲಲ್ಲಿ. ಅಲ್ಲಿ ಟೆಸ್ಟ್ ಇರುವುದು ನಿಮ್ಮನ್ನು ಗುಣ ಮಾಡಲಿಕ್ಕಲ್ಲ, ಹೊರಗೆ ಹಾಕಲಿಕ್ಕೆ. ಹಾಗಾದ ಮೇಲೆ ಯಾರು ತಾನೇ ಸುಮ್ನೆ ಹೋಗಿ ಟೆಸ್ಟ್ ಮಾಡಿಸಿಕೊಳ್ಳುತ್ತಾರೆ? 2022ರ ಕೊನೆಗೆ ಪ್ರಪಂಚದಲ್ಲಿ 25 ಕೋಟಿಗೂ ಜಾಸ್ತಿ ಜನರಿಗೆ ಹೆಪಟೈಟಿಸ್ ಬಿ ಇತ್ತು. ಅದು ತಮಗಿದೆ ಅಂತ ಗೊತ್ತಿದ್ದವರು 100ಕ್ಕೆ 13 ಮಂದಿ ಮಾತ್ರ. ಭಾರತದಲ್ಲೇ ಸುಮಾರು 3 ಕೋಟಿ ಜನರಿಗೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2030ರೊಳಗೆ ಹೊಸ ಸೋಂಕು 90 ಶೇಕಡಾ, ಸಾವು 65 ಶೇಕಡಾ ಇಳಿಸಬೇಕು ಅಂತ ದೇಶಗಳೆಲ್ಲ ಒಪ್ಪಿಕೊಂಡಿವೆ. ಗೊತ್ತೇ ಇಲ್ಲದವರನ್ನು ಹುಡುಕದೆ ಇದು ಆಗುವ ಮಾತಾ?

ಕಿರುನೆಲ್ಲಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ನೀರು ಕೆಟ್ಟು ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ, ಇಲ್ಲವೇ ಇ. ಸಾಧಾರಣವಾಗಿ ಕೆಲವು ವಾರಗಳಲ್ಲಿ ಅದು ತನ್ನಷ್ಟಕ್ಕೆ ಇಳಿಯುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಬಿ ಹಾಗಲ್ಲ. ಕಣ್ಣು ಹಳದಿ ಆಗದೆಯೇ ವರ್ಷಗಟ್ಟಲೆ ಒಳಗೆ ಕೂತು ಲಿವರ್ ಹಾಳು ಮಾಡಬಹುದು. ಅದು ದಾಟುವುದು ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ಬ್ಲೇಡಿನಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ. ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ, ಒಂದೇ ಬಟ್ಟಲಿನ ಗಂಜಿ ಉಂಡರೂ ಬರುವುದಿಲ್ಲ. ಅಕ್ಕನಿಗೆ ಇದನ್ನು ಕೂತು ಹೇಳಿದೆ. "ಹಾಗಾದ್ರೆ ನನಗೂ ಇರಬಹುದಾ?" ಅಂತ ಕೇಳಿದಳು. ಇರಬಹುದು. ಅದಕ್ಕೇ ಮನೆಯವರೆಲ್ಲ ಟೆಸ್ಟ್ ಮಾಡಿಸಬೇಕಾದದ್ದು. ಇಲ್ಲದವರಿಗೆ ಲಸಿಕೆ ಉಂಟಲ್ಲ!

ಈಜಿಪ್ಟನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳಬೇಕಾಗುತ್ತದೆ. ಆ ದೇಶಕ್ಕೆ ಆ ಕಾಯಿಲೆ ಅಷ್ಟು ಹರಡಿದ್ದೇ ಸರಕಾರದ ಕೈಯಿಂದ. 1950ರ ದಶಕದಿಂದ 80ರ ದಶಕದವರೆಗೆ ನೈಲ್ ನದಿಯ ಹುಳದ ರೋಗಕ್ಕೆ ಹಳ್ಳಿಹಳ್ಳಿಯಲ್ಲಿ ಇಂಜೆಕ್ಷನ್ ಕೊಟ್ಟರು, ಸರಿಯಾಗಿ ಕುದಿಸದ ಸೂಜಿಯನ್ನೇ ಮತ್ತೆ ಮತ್ತೆ ಚುಚ್ಚಿದರು. ಮನೆಮನೆಯಲ್ಲೂ ರೋಗಿ ಇದ್ದಲ್ಲಿ ಗುಟ್ಟು ಉಳಿಯುವುದು ಕಷ್ಟ. ಮತ್ತೆ, ಹೆಪಟೈಟಿಸ್ ಸಿಗೆ ಗುಣ ಮಾಡುವ ಮಾತ್ರೆ ಇದೆ. ಅಮೆರಿಕದಲ್ಲಿ 84,000 ಡಾಲರ್ ಇದ್ದ ಆ ಮದ್ದನ್ನು ಈಜಿಪ್ಟ್ ಚೌಕಾಸಿ ಮಾಡಿ 900 ಡಾಲರಿಗೆ ತಂದಿತು, ಆಮೇಲೆ ತಾನೇ ತಯಾರಿಸಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೆಪಟೈಟಿಸ್ ಸಿ ತೊಲಗಿಸುವ ಹಾದಿಯಲ್ಲಿ ಚಿನ್ನದ ದರ್ಜೆ ಪಡೆದ ಮೊದಲ ದೇಶ ಆಯಿತು. ಹೆಪಟೈಟಿಸ್ ಬಿಗೆ ಅಂಥ ಮಾತ್ರೆ ಇನ್ನೂ ಇಲ್ಲ. ಬೇಕಾದವರಿಗೆ ದಿನಕ್ಕೊಂದು ಮಾತ್ರೆ ಕೊಟ್ಟು ವೈರಸ್ಸನ್ನು ಹತೋಟಿಯಲ್ಲಿ ಇಡಬಹುದು, ಅಷ್ಟೇ.

ನಮ್ಮ ದೇಶವೂ ಸುಮ್ಮನೆ ಕೂತಿಲ್ಲ, ಒಪ್ಪುತ್ತೇನೆ. 2018ರ ಜುಲೈ 28ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ, ಟೆಸ್ಟೂ ಮದ್ದೂ ಪುಕ್ಕಟೆ. 2011ರಿಂದ ಲಸಿಕೆ ದೇಶಕ್ಕೆಲ್ಲ ಬಂದಿದೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಮೊದಲ ಡೋಸ್ ಬೀಳಬೇಕು. ಅಕ್ಕನ ಮಗ ಹುಟ್ಟಿದಾಗ ಅದು ಇರಲಿಲ್ಲ. ಅವನ ವಯಸ್ಸಿನವರೇ ಈಗ ಪಾಸ್‌ಪೋರ್ಟ್ ಹಿಡಿದು ನಿಂತಿರುವುದು.

ಕಾರ್ಯಕ್ರಮ ಇದೆ, ಆದರೆ ನಮ್ಮ ಮನೆಗೆ ಅದರ ಸುದ್ದಿ ತಲುಪಲಿಲ್ಲ. ಅನ್‌ಫಿಟ್ ಬರೆಯುವ ಕೈಗೆ 'ಜಿಲ್ಲಾಸ್ಪತ್ರೆಗೆ ಹೋಗಿ' ಅಂತ ಇನ್ನೊಂದು ಸಾಲು ಬರೆಯಲು ಏನು ಕಷ್ಟ? ನಮ್ಮ ಕಡೆ ರಕ್ತದಾನ ಶಿಬಿರ ಆಗದ ವಾರ ಇಲ್ಲ. ಯುವಕ ಮಂಡಲದ ವಾರ್ಷಿಕೋತ್ಸವ, ಭಜನಾ ಮಂದಿರದ ಬ್ರಹ್ಮಕಲಶ, ಎಲ್ಲದರ ಜೊತೆ ಬಿಪಿ, ಶುಗರ್ ಮೇಜು ಇರುತ್ತದೆ. ಅದೇ ಮೇಜಿನಲ್ಲಿ ಹೆಪಟೈಟಿಸ್ ನೋಡುವ ಇನ್ನೊಂದು ಟೆಸ್ಟ್ ಪಟ್ಟಿ ಇಡಿ ಅಂತ ಮಾತ್ರ ನಾನು ಹೇಳುವುದು. ನಮ್ಮೂರ ಮಂಡಲದ ಅಧ್ಯಕ್ಷರ ಹತ್ತಿರ ಮಾತಾಡಿದ್ದೇನೆ. "ಜನ ಬರ್ತಾರಾ ಮಾರಾಯ್ರೇ?" ಅಂತ ಮೊದಲು ಅನುಮಾನಿಸಿದರು, ಆಮೇಲೆ ಒಪ್ಪಿದರು. ಆರೋಗ್ಯ ಇಲಾಖೆಗೆ ಅರ್ಜಿ ಕೊಡುವುದು ಬಾಕಿ ಇದೆ.